ಏಳನೇ ಮಂಚದ ಹದಿನೆಂಟು

ಮಾರ್ಚ್ 3, ಸೋಮವಾರ

ಈ ಪುಸ್ತಕ ಸಾಕ್ಷಿಗೆ ಇಟ್ಟದ್ದು, ಸುಖದುಃಖ ತೋಡಿಕೊಳ್ಳುವುದಕ್ಕಲ್ಲ. ಆಸ್ಪತ್ರೆ ನೌಕರರ ಸಂಘದ ಅಧ್ಯಕ್ಷ ಹೇಳಿದ: "ಅಕ್ಕಾ, ಹತ್ತು ವಾರ ಅಲ್ಲಿ ಕೂತು ಕಲಿಯೋದು ಒಂದು ಕೆಲಸ. ಅವರು ಏನೇನು ಅನ್ಯಾಯ ಮಾಡ್ತಾರೆ ಅಂತ ದಿನಾ ಬರೆದಿಡೋದು ಇನ್ನೊಂದು. ಎರಡನೇದೇ ಮುಖ್ಯ." ಅವನು ಲಿಫ್ಟ್ ನಡೆಸುವವನು. ದಿನಕ್ಕೆ ನೂರು ಸಲ ಮೇಲೆ ಕೆಳಗೆ ಹೋಗಿಬರುವುದರಿಂದ ಆಸ್ಪತ್ರೆಯ ಎಲ್ಲ ಮಹಡಿಯ ಸುದ್ದಿಯೂ ಅವನ ಜೇಬಿನಲ್ಲಿರುತ್ತದೆ.

ವಿಷಯ ಇಷ್ಟೇ. ನಾನು ಇಲ್ಲಿ ಹದಿನಾಲ್ಕು ವರ್ಷದಿಂದ ವಾರ್ಡ್ ಆಯಾ. ರೋಗಿಯನ್ನು ಹೊರಳಿಸುವುದು, ಒರೆಸುವುದು, ಉಣಿಸುವುದು ನಾನು. ನರ್ಸ್‌ಗಳ ಕೈ ಖಾಲಿ ಇಲ್ಲದಾಗ ಜ್ವರ ನೋಡುವುದು, ನಾಡಿ ನೋಡುವುದೂ ನಾನೇ. ಹಾಳೆಯ ಕೆಳಗಿನ ಸಹಿ ಮಾತ್ರ ಬೇರೆಯವರದು. ಹದಿನಾಲ್ಕು ವರ್ಷ ನನ್ನ ಕೈ ದುಡಿದಿದೆ, ನನ್ನ ಹೆಸರು ಈ ಕಟ್ಟಡದ ಯಾವ ಕಾಗದದಲ್ಲೂ ಇಲ್ಲ. ಮೂರು ವರ್ಷ ಬಾಗಿಲಲ್ಲಿ ಕೂತು ಗಂಟಲು ಹರಿದುಕೊಂಡ ಮೇಲೆ ಈಗ ಒಪ್ಪಿದ್ದಾರೆ. ಆರು ಮಂದಿ ಆಯಾಗಳಿಗೆ ತರಬೇತಿ. ಪಾಸಾದರೆ ಚಿಕಿತ್ಸಾ ಸಹಾಯಕಿ ಎಂಬ ಹುದ್ದೆ, ಹಾಳೆಯ ಮೇಲೆ ಸ್ವಂತ ಸಹಿ. ನನಗೆ ಬೇಕಾದದ್ದು ಆ ಸಹಿ. ಬೇರೇನೂ ಬೇಡ.

ಹೇಳಿಕೊಡಲು ಒಬ್ಬಳು ಹಳೇ ಹೆಡ್ ನರ್ಸನ್ನು ಕರೆಸಿದ್ದಾರೆ. ನಿವೃತ್ತಿಯಾಗಿ ಮನೆಯಲ್ಲಿದ್ದವಳು. ಎದೆಯ ಮೇಲೆ ಒಂದು ಗಡಿಯಾರವನ್ನು ತಲೆಕೆಳಗಾಗಿ ಚುಚ್ಚಿಕೊಂಡು ಬರುತ್ತಾಳೆ, ಅವಳು ಬಗ್ಗಿ ನೋಡಿದರೆ ಅವಳಿಗೆ ಮಾತ್ರ ನೆಟ್ಟಗೆ ಕಾಣುವ ಹಾಗೆ. ಅರ್ಧ ದಿನದಲ್ಲೇ ಹೆಸರಿಟ್ಟೆವು: ಗಡಿಯಾರದಮ್ಮ. ಬೆಳಗಿನಿಂದ ಮಧ್ಯಾಹ್ನದವರೆಗೆ ಬರೀ ಕೈ ತೊಳೆಸಿದಳು.

"ನಾನು ಹದಿನಾಲ್ಕು ವರ್ಷದಿಂದ ಕೈ ತೊಳೀತಿದೀನಿ ಸಿಸ್ಟರ್" ಅಂದೆ.

"ಹದಿನಾಲ್ಕು ವರ್ಷದಿಂದ ಹೆಬ್ಬೆರಳು ಬಿಟ್ಟು ತೊಳೀತಿದೀಯ" ಅಂದಳು.

ದೂರು ಒಂದು: ಎಲ್ಲರೆದುರು ಅವಮಾನ.

ಮಾರ್ಚ್ 11, ಮಂಗಳವಾರ

ದೂರು ನಾಲ್ಕು, ಐದು, ಆರು ಒಟ್ಟಿಗೆ.

ಇವತ್ತು ಉಸಿರು ಎಣಿಸುವ ಪಾಠ. ನಮ್ಮ ವಾರ್ಡಿನ ಹೋದ ವಾರದ ಹಾಳೆಗಳನ್ನೆಲ್ಲ ತಂದು ಮೇಜಿನ ಮೇಲೆ ಹರಡಿದಳು. ಒಂದೇ ಕಾಲಂ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎಳೆದಳು. ಹದಿನೆಂಟು, ಹದಿನೆಂಟು, ಹದಿನೆಂಟು. ಮೂವತ್ತಾರು ಮಂಚ, ದಿನಕ್ಕೆ ನಾಲ್ಕು ಸಲ.

"ಇವರೆಲ್ಲ ಒಂದೇ ತಾಯಿ ಮಕ್ಕಳಾ?" ಅಂದಳು.

ಉತ್ತರ ಎಲ್ಲರಿಗೂ ಗೊತ್ತು. ಜ್ವರಕ್ಕೆ ಥರ್ಮಾಮೀಟರ್ ಇದೆ, ರಕ್ತದೊತ್ತಡಕ್ಕೆ ಯಂತ್ರ ಇದೆ. ಉಸಿರಿಗೆ ಮಾತ್ರ ನಿಂತು ನೋಡುವ ಕಣ್ಣು ಬೇಕು, ಇಡೀ ಒಂದು ನಿಮಿಷ ಬೇಕು. ಆ ನಿಮಿಷ ಯಾರ ಹತ್ತಿರ ಇದೆ? ಹಾಗಾಗಿ ನರ್ಸ್‌ಗಳೂ ಹದಿನೆಂಟು ಬರೆಯುತ್ತಾರೆ, ನಾವೂ ಹದಿನೆಂಟು ಹೇಳುತ್ತೇವೆ. ಆರೋಗ್ಯವಂತ ಮನುಷ್ಯನ ಉಸಿರು ಹನ್ನೆರಡರಿಂದ ಇಪ್ಪತ್ತರ ಒಳಗೆ. ಹದಿನೆಂಟು ಅಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ.

ನಾನೇ ಎದ್ದು ನಿಂತೆ. "ಸಿಸ್ಟರ್, ಮೂವತ್ತಾರು ಜನಕ್ಕೆ ನಾವು ಮೂವರು. ಎಣಿಸೋಕೆ ನಿಮಿಷ ಎಲ್ಲಿಂದ ತರೋಣ?"

"ಒಳ್ಳೇ ಪ್ರಶ್ನೆ. ಬರೆದಿಟ್ಕೋ" ಅಂದಳು. ಗೇಲಿ ಮಾಡಿದ್ದೇ ಇರಬೇಕು.

ಆಮೇಲೆ ವಿದ್ಯೆ ಹೇಳಿಕೊಟ್ಟಳು. ಉಸಿರು ಎಣಿಸುತ್ತೇನೆ ಎಂದು ರೋಗಿಗೆ ಹೇಳಬಾರದಂತೆ. "ಹೇಳಿದ ತಕ್ಷಣ ಅವನು ರೋಗಿ ಥರ ಉಸಿರಾಡಲ್ಲ, ಪರೀಕ್ಷೆಗೆ ಕೂತವನ ಥರ ಉಸಿರಾಡ್ತಾನೆ. ಮಣಿಕಟ್ಟು ಹಿಡಿ. ನಾಡಿ ಎಣಿಸು. ಮುಗಿದ ಮೇಲೂ ಕೈ ಬಿಡಬೇಡ. ಇನ್ನೂ ನಾಡಿನೇ ನೋಡ್ತಿರೋ ಹಾಗೆ ಮುಖ ಮಾಡ್ಕೊಂಡು ಇಡೀ ಒಂದು ನಿಮಿಷ ಎದೆ ನೋಡು."

"ಅಂದ್ರೆ ರೋಗಿಗೆ ಸುಳ್ಳು ಹೇಳಬೇಕಾ?" ಎಂದು ಕೇಳಿದಳು ಉದ್ದಜಡೆ. ಅವಳು ನನ್ನ ಪಕ್ಕದ ವಾರ್ಡಿನವಳು, ಜಡೆ ಸುತ್ತಿ ಟೋಪಿಯೊಳಗೆ ತುರುಕಲು ಅವಳಿಗೆ ದಿನಾ ಹತ್ತು ನಿಮಿಷ ಬೇಕು.

"ಸುಮ್ಮನಿರು ಅಂತೀನಿ. ಅದು ಬೇರೆ."

ಇನ್ನೊಂದು. ತರಗತಿಗೆ ಮಹಡಿ ಹತ್ತುವಾಗ ಅರ್ಧಕ್ಕೆ ನಿಂತು ಕಿಟಕಿ ಪರೀಕ್ಷೆ ಮಾಡುತ್ತಾಳೆ, ಒರೆಸಿದ್ದಾರೋ ಇಲ್ಲವೋ ಎಂದು. ಒರೆಸುವವರು ನಮ್ಮವರೇ ತಾನೇ. ದರ್ಪ ಅಂದರೆ ಇದು.

ಮಾರ್ಚ್ 20, ಗುರುವಾರ

ಮನೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿಕೊಂಡು ಬರಬೇಕಂತೆ. ಮನೆಯಲ್ಲಿ ಇರುವುದು ನಾನು ಮತ್ತು ಅತ್ತೆ. ಗಂಡ ಲಾರಿ ಮೇಲೆ ಹೋದರೆ ಇಪ್ಪತ್ತು ದಿನ ಮುಖ ತೋರಿಸುವವನಲ್ಲ. ಅತ್ತೆಯ ಎದುರು ಹೋಗಿ ಕೂತು "ಕೈ ಕೊಡಿ" ಅಂದೆ.

"ಯಾಕೆ, ಬಳೆ ಏನಾದ್ರೂ ತಂದಿದೀಯ?"

"ನಾಡಿ ನೋಡಬೇಕು. ಪಾಠ."

"ನೋಡು. ಆದರೆ ನನಗೆ ಏನೂ ಆಗಿಲ್ಲ, ನೀನು ಆಸೆ ಇಟ್ಕೋಬೇಡ."

ನಾಡಿ ಎಪ್ಪತ್ತೆಂಟು. ಸುಲಭ. ಉಸಿರು ಎಣಿಸಲು ಬಿಡಬೇಕಲ್ಲ. ಪಕ್ಕದ ಮನೆಯವರ ನೀರಿನ ಪೈಪು, ನನ್ನ ಗಂಡನ ಚಿಕ್ಕಂದಿನ ಕಜ್ಜಿ, ತನ್ನ ತಂಗಿಯ ಸೊಸೆ. ಮಾತಾಡುವವಳ ಉಸಿರು ಎಣಿಸಲಾಗುವುದಿಲ್ಲ. "ಒಂದೇ ನಿಮಿಷ ಸುಮ್ಮನಿರಿ ಅತ್ತೆ" ಅಂದೆ.

"ನಾನು ಸುಮ್ಮನಾದ್ರೆ ಎಣಿಸೋದು ಬೇಡ, ಎತ್ತೋಕೆ ಜನ ಕರಿ."

ನಾಲ್ಕು ಸಲ ಪ್ರಯತ್ನಿಸಿದೆ. ಕೊನೆಗೆ ಅವಳಿಗೆ ಜೋಂಪು ಹತ್ತಿತು. ಕೈ ನನ್ನ ಕೈಯಲ್ಲೇ ಇತ್ತು. ಹದಿನಾರು. ಚರ್ಮ ಇಷ್ಟು ತೆಳುವಾಗಿದೆ ಎಂದು ತಿಳಿದಿರಲಿಲ್ಲ. ಹತ್ತು ಸಲದ ಲೆಕ್ಕಕ್ಕೆ ಇನ್ನೂ ಒಂಬತ್ತು ಬೇಕು.

ಏಪ್ರಿಲ್ 9, ಬುಧವಾರ

ಇಪ್ಪತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದಲ್ಲ, ಮನೆಗೆ ಬಂದರೆ ಕಣ್ಣು ಮುಚ್ಚುತ್ತವೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ವಾರ್ಡಿನಲ್ಲಿ ಹಳೇ ಕೆಲಸ ಹಾಗೇ ಇದೆ. ಇದು ನಿಜವಾದ ದೂರು, ಗಡಿಯಾರದಮ್ಮನ ಮೇಲಲ್ಲ, ಆಡಳಿತದ ಮೇಲೆ. ಒಬ್ಬಳಿಗೆ ಎರಡು ಟೋಪಿ ಹಾಕಿ ಒಂದೇ ತಲೆ ಕೊಟ್ಟಿದ್ದಾರೆ.

ಅಧ್ಯಕ್ಷನ ಸಲಹೆಯ ಮೇಲೆ ಇವತ್ತಿನಿಂದ ಇದನ್ನೂ ಬರೆಯುತ್ತೇನೆ: ಒಂದು ಸುತ್ತು ಮಂಚಗಳನ್ನು ನೋಡುವಾಗ ನನ್ನನ್ನು ಎಷ್ಟು ಸಲ ಬೇರೆ ಕೆಲಸಕ್ಕೆ ಕೂಗುತ್ತಾರೆ. ಇವತ್ತು: ಹನ್ನೆರಡು ಮಂಚ, ಏಳು ಕೂಗು.

ಏಪ್ರಿಲ್ 17, ಗುರುವಾರ

ರಕ್ತದೊತ್ತಡವನ್ನು ಯಂತ್ರ ಇಲ್ಲದೆ, ತೋಳಿಗೆ ಪಟ್ಟಿ ಕಟ್ಟಿ ಸ್ಟೆತೊಸ್ಕೋಪಿನಿಂದ ಕೇಳಿ ಹೇಳಬೇಕು. ಉಳಿದ ಐವರಿಗೂ ಬಂತು. ನನಗೆ ಬರಲಿಲ್ಲ. ಕಿವಿಯಲ್ಲಿ ನನ್ನದೇ ಎದೆಬಡಿತ. ಎಲ್ಲರೂ ಹೋದ ಮೇಲೆ ಗಡಿಯಾರದಮ್ಮ ತನ್ನ ತೋಳು ಚಾಚಿ "ನನ್ನ ಮೇಲೆ ಕಲಿ" ಅಂದರು. ಹದಿಮೂರು ಸಲ ಗಾಳಿ ತುಂಬಿದೆ, ಬಿಟ್ಟೆ. ತೋಳಿನಲ್ಲಿ ಪಟ್ಟಿಯ ಗುರುತು ಕೆಂಪಗೆ ಬಿತ್ತು. ಸಾಕು ಅನ್ನಲಿಲ್ಲ. ಹದಿನಾಲ್ಕನೇ ಸಲ ಕೇಳಿಸಿತು. ಮೊದಲು ಏನೂ ಇಲ್ಲ, ಆಮೇಲೆ ದೂರದಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ, ಟಕ್, ಟಕ್, ಮತ್ತೆ ಮೆಲ್ಲಗೆ ಇಲ್ಲವಾಯಿತು.

"ಯಾಕೆ ಅಳ್ತೀಯ?"

"ಅಳ್ತಿಲ್ಲ. ಕೇಳಿಸ್ತು."

"ಕೇಳಿಸಿದ್ದು ಎಷ್ಟು ಅಂತ ಹೇಳು, ಅಳೋದು ಆಮೇಲೆ."

ಸ್ವಲ್ಪ ಜಾಸ್ತಿಯೇ ಇತ್ತು. ಹೇಳಿದೆ. "ಮಹಡಿ ಹತ್ತಿ ಬಂದಿದೀನಲ್ಲ" ಎಂದರು. ಹತ್ತಿ ಬಂದು ಎರಡು ಗಂಟೆಯಾಗಿತ್ತು. ಫ್ಲಾಸ್ಕಿನ ಚಹಾ ಅರ್ಧ ನನಗೆ ಕೊಟ್ಟರು. ಸಕ್ಕರೆ ಇಲ್ಲದ ಕೆಟ್ಟ ಚಹಾ.

ಇವತ್ತು ದೂರು ಇಲ್ಲ. ನಾಳೆ ಇದ್ದೇ ಇರುತ್ತದೆ.

ಏಪ್ರಿಲ್ 26, ಶನಿವಾರ

ಕಿಟಕಿಯ ಹತ್ತಿರ ಇವತ್ತೂ ನಿಂತಿದ್ದರು. ನಾನು ಹಿಂದೆಯೇ ಹತ್ತುತ್ತಿದ್ದೆ. ಆ ಕಿಟಕಿಯ ಆಚೆ ನೋಡಲು ಏನೂ ಇಲ್ಲ, ಪಕ್ಕದ ಕಟ್ಟಡದ ಗೋಡೆ.

ಅತ್ತೆಗೆ ಈಗ ಅಭ್ಯಾಸವಾಗಿದೆ. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೈ ಚಾಚಿ ಕೂತಿರುತ್ತಾಳೆ. ಹತ್ತು ಸಲ ಮುಗಿದು ಎಷ್ಟೋ ದಿನವಾಯಿತು.

ಮೇ 5, ಸೋಮವಾರ

ಪರೀಕ್ಷೆಯ ವಾರ ಶುರು. ಮೂರು ದಿನ, ಒಬ್ಬೊಬ್ಬರಿಗೆ ಹನ್ನೆರಡು ಮಂಚ. ನೋಡುವುದು ನಾವು, ಬರೆಯುವುದು ನಾವು, ಸಹಿಯೂ ನಮ್ಮದೇ. ನನ್ನ ಹೆಸರು ಹಾಳೆಯ ಕೆಳಗೆ ನೋಡಿದೆ. ಅಕ್ಷರ ಸೊಟ್ಟ, ಆದರೂ ನನ್ನದು.

ನನ್ನ ಏಳನೇ ಮಂಚದಲ್ಲಿ ದರ್ಜಿ ತಾತ. ಹೊಟ್ಟೆಯ ಆಪರೇಷನ್ ಆಗಿ ಎರಡು ದಿನ. ನನ್ನನ್ನು ಕಂಡ ಕೂಡಲೇ ತೋಳಿನ ಹೊಲಿಗೆ ಹಿಡಿದು ನೋಡಿದರು. "ಈ ಸಮವಸ್ತ್ರ ಹೊಲಿದವನನ್ನ ಹಿಡ್ಕೊಂಡು ಬಾ ಮಗಳೇ. ಪಕ್ಕದ ಮಂಚ ಖಾಲಿ ಇದೆ, ಮಲಗಿಸೋಣ." ಹೊಟ್ಟೆ ಹಿಡಿದುಕೊಂಡು ತಾವೇ ನಕ್ಕರು. ಉಸಿರು ಹದಿನೇಳು. ಎಣಿಸಿದ್ದು.

ಮೇ 6, ಮಂಗಳವಾರ

ಎಲ್ಲ ಬರೆಯುತ್ತೇನೆ. ಬಿಡದೆ ಬರೆಯುತ್ತೇನೆ.

ಮಧ್ಯಾಹ್ನದ ಸುತ್ತು ಹನ್ನೊಂದೂಮುಕ್ಕಾಲಿಗೆ ಶುರು ಮಾಡಿದೆ. ಒಬ್ಬ ನರ್ಸ್ ರಜೆ. ಒಂದನೇ ಮಂಚದಿಂದ ಆರನೆಯದಕ್ಕೆ ಬರುವಷ್ಟರಲ್ಲಿ ಒಂಬತ್ತು ಕೂಗು. ಸ್ಟ್ರೆಚರ್ ತಳ್ಳು, ಹಾಸಿಗೆ ಬದಲಿಸು, ರಕ್ತದ ಬಾಟಲಿ ತಾ, ಬಿದ್ದವರನ್ನು ಎತ್ತು. ಏಳನೇ ಮಂಚಕ್ಕೆ ಬಂದಾಗ ಹನ್ನೆರಡೂಕಾಲು ದಾಟಿತ್ತು. ಜ್ವರ ಸ್ವಲ್ಪ ಇತ್ತು, ನಾಡಿ ತೊಂಬತ್ತೆಂಟು, ಬರೆದೆ. ತಾತ ಏನೋ ಜೋಕು ಹೇಳುತ್ತಿದ್ದರು, ಒಬ್ಬ ಗಿರಾಕಿ ಒಂದೇ ಬಟ್ಟೆಯಲ್ಲಿ ಎರಡು ಪ್ಯಾಂಟು ಕೇಳಿದ್ದು. ಮಣಿಕಟ್ಟು ನನ್ನ ಕೈಯಲ್ಲೇ ಇತ್ತು. ಎಣಿಸಲು ಕಣ್ಣು ಎದೆಗೆ ಹೊರಳಿಸಿದೆ, ಆಗ ಬಾಗಿಲಿನಿಂದ ಹತ್ತನೇ ಕೂಗು ಬಂತು.

ಹದಿನೆಂಟು ಎಂದು ಬರೆದೆ. ಸಹಿ ಮಾಡಿದೆ. ಓಡಿದೆ.

ನಾಲ್ಕಕ್ಕೆ ಗಡಿಯಾರದಮ್ಮ ವಾರ್ಡಿಗೆ ಬಂದರು. ಏಳನೇ ಮಂಚದ ಹತ್ತಿರ ನಿಂತರು. ತಾತನ ಕೈ ಹಿಡಿದರು. ಒಂದು ನಿಮಿಷ ಅಲ್ಲಾಡಲಿಲ್ಲ. ಆಮೇಲೆ ಡಾಕ್ಟರನ್ನು ಕರೆಯಲು ಹೇಳಿದರು. ಮೂವತ್ತು.

ಹಾಳೆ ನೋಡಿದರು, ನನ್ನನ್ನು ನೋಡಿದರು. "ಇದು ಎಣಿಸಿದ್ದಾ?"

"ಎಣಿಸಿದ್ದು" ಅಂದೆ.

ನಾಲಗೆ ಒಂದು ಸಲವೂ ತಡವರಿಸಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವನು, ಮೂರು ರಾತ್ರಿ ಮಲಗದವನ ಮುಖ. ಹಾಳೆ ಹಿಡಿದು ಗಟ್ಟಿಯಾಗಿ ಯೋಚಿಸಿದ: "ಹನ್ನೆರಡಕ್ಕೆ ಹದಿನೆಂಟು, ನಾಲ್ಕಕ್ಕೆ ಮೂವತ್ತು. ಇಷ್ಟು ಬೇಗ ಏರಿದೆ ಅಂದ್ರೆ ನಿಧಾನಕ್ಕೆ ಬಂದ ಕಾಯಿಲೆ ಅಲ್ಲ. ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋಗಿರಬೇಕು. ರಕ್ತ ತೆಳು ಮಾಡೋ ಔಷಧಿ ಶುರು ಮಾಡೋದು ವಾಸಿ."

"ಹೊಟ್ಟೆ ಕೊಯ್ದು ಮೂರು ದಿನ ಡಾಕ್ಟ್ರೇ. ಹೊಲಿಗೆಯಲ್ಲಿ ರಕ್ತ ಸುರೀಬಹುದು" ಅಂದರು ಗಡಿಯಾರದಮ್ಮ.

"ಗೊತ್ತು ಸಿಸ್ಟರ್. ಆದರೆ ಹಾಳೆ ಹಾಗೆ ಹೇಳ್ತಿದೆ. ಆರು ಗಂಟೆಗೆ ದೊಡ್ಡ ಡಾಕ್ಟ್ರು ಬರ್ತಾರೆ, ಅವರು ಒಪ್ಪಿದ್ರೆ ಕೊಡೋಣ."

ಹಾಳೆ ಹೇಳುತ್ತಿದೆ. ಹಾಳೆಗೆ ಬಾಯಿ ಕೊಟ್ಟವಳು ನಾನು. ನನ್ನ ಪಾಳಿ ಮುಗಿದಿತ್ತು. ಬಟ್ಟೆ ಬದಲಿಸಿದೆ. ಬಸ್ ಸ್ಟಾಪಿಗೆ ಹೋದೆ. ಒಂದು ಬಸ್ಸು ಬಂತು, ಹೋಯಿತು. ಸಹಿ ಹೋಗುತ್ತದೆ ಎಂದುಕೊಂಡೆ. ನನ್ನದೊಂದೇ ಅಲ್ಲ, ಆರು ಜನರದೂ ಹೋಗುತ್ತದೆ, ಮೂರು ವರ್ಷ ಬಾಗಿಲಲ್ಲಿ ಕೂತದ್ದು ನೀರುಪಾಲಾಗುತ್ತದೆ, ಆಯಾಗಳ ಯೋಗ್ಯತೆ ಇಷ್ಟೇ ಎನ್ನಲು ಅವರಿಗೆ ಒಂದು ಕಾಗದ ಸಿಗುತ್ತದೆ. ಎರಡನೇ ಬಸ್ಸೂ ಬಂತು. ನನ್ನ ಬೆರಳುಗಳು ನನ್ನದೇ ಮಣಿಕಟ್ಟು ಹಿಡಿದುಕೊಂಡಿದ್ದವು.

ವಾಪಸು ಓಡಿದೆ. ದೊಡ್ಡ ಡಾಕ್ಟರು, ಚಿಕ್ಕ ಡಾಕ್ಟರು, ಗಡಿಯಾರದಮ್ಮ ಮೂವರೂ ಮಂಚದ ಹತ್ತಿರವೇ ಇದ್ದರು. ಔಷಧಿಯ ಸೂಜಿ ತಟ್ಟೆಯಲ್ಲಿ ಸಿದ್ಧವಾಗಿತ್ತು.

"ಆ ಹದಿನೆಂಟು ನನ್ನದು" ಅಂದೆ. "ನಾನು ಎಣಿಸಿಲ್ಲ. ಸುಮ್ಮನೆ ಬರೆದೆ."

ದೊಡ್ಡ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ನನಗೂ ಬಾಯಿ ಇದೆ. "ಹಾಗಾದ್ರೆ ಮಧ್ಯಾಹ್ನ ಇವರು ಹೇಗಿದ್ರು? ಕಂಡದ್ದು ಹೇಳು" ಅಂದರು.

ಕಣ್ಣು ಮುಚ್ಚಿ ನೋಡಿದೆ. "ಒಂದು ಜೋಕು ಹೇಳಿದ್ರು. ಮೂರು ತುಂಡು ಮಾಡಿ ಹೇಳಿದ್ರು. ಮಧ್ಯೆ ಮಧ್ಯೆ ನಿಲ್ಲಿಸ್ತಿದ್ರು. ನಿನ್ನೆ ಒಂದೇ ಉಸಿರಿಗೆ ಹೇಳ್ತಿದ್ರು. ಬೆನ್ನಿಗೆ ಇನ್ನೊಂದು ದಿಂಬು ಕೇಳಿದ್ರು. ಕೆಮ್ಮೋಕೆ ಹೋಗಿ ಹೊಟ್ಟೆ ನೋವು ಅಂತ ಕೆಮ್ಮು ನುಂಗಿದ್ರು."

ಡಾಕ್ಟರುಗಳು ಮುಖ ಮುಖ ನೋಡಿಕೊಂಡರು. ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್‌ರೇಗೆ ಕಳಿಸಿದರು. ನ್ಯುಮೋನಿಯಾ. ಬೆಳಗಿನಿಂದಲೇ ಏರುತ್ತಿತ್ತು. ಸೂಜಿ ತಟ್ಟೆಯಲ್ಲೇ ಉಳಿಯಿತು, ಬೇರೆ ಔಷಧಿ ಬಂತು, ಆಮ್ಲಜನಕ ಬಂತು.

ನಾನು ಹಾಳೆಯ ಮೇಲಿನ ಆ ಅಂಕಿಯನ್ನು ಕಪ್ಪಗೆ ಗೀಚಲು ಹೋದೆ. ಗಡಿಯಾರದಮ್ಮ ನನ್ನ ಕೈ ತಡೆದರು. "ಹೊಡೆದು ಮುಚ್ಚಬೇಡ. ಒಂದೇ ಗೆರೆ ಎಳಿ. ತಪ್ಪು ಏನು ಅಂತ ಓದೋಕೆ ಬರಬೇಕು. ಪಕ್ಕದಲ್ಲಿ 'ಎಣಿಸಿಲ್ಲ' ಅಂತ ಬರಿ. ಸಹಿ ಮಾಡು."

ಮಾಡಿದೆ. ಈ ಸಲ ಅಕ್ಷರ ನೆಟ್ಟಗೆ ಬಂತು.

ಮೇ 7, ಬುಧವಾರ

ದರ್ಜಿ ತಾತ: ಬೆಳಿಗ್ಗೆ 28. ಮಧ್ಯಾಹ್ನ 28. ಸಂಜೆ 27.

ಪರೀಕ್ಷೆಯಿಂದ ನನ್ನನ್ನು ಕೈಬಿಟ್ಟಿದ್ದಾರೆ. ಎಣಿಸಬೇಡ ಎಂದು ಯಾರೂ ಹೇಳಿಲ್ಲ.

ಮೇ 8, ಗುರುವಾರ

24.

ಮೇ 9, ಶುಕ್ರವಾರ

22. ಅರ್ಧ ಬಟ್ಟಲು ಗಂಜಿ ಕುಡಿದರು. "ಆ ಜೋಕು ಪೂರ್ತಿ ಆಗಲಿಲ್ಲ ಅಲ್ವಾ ಮಗಳೇ" ಅಂದರು. ನಾನು ಮಾಡಿದ್ದನ್ನು ಹೇಳಿದೆ. ಹೊದಿಕೆಯ ಅಂಚಿನ ಹೊಲಿಗೆ ಎಳೆದು ನೋಡಿದರು. "ನಾನೂ ಅಳತೆ ತೆಗೀದೆ ಒಬ್ಬನಿಗೆ ಕೋಟು ಹೊಲಿದಿದ್ದೆ. ಮದುವೆ ದಿನ ತೋಳು ಮೊಣಕೈಗೆ ಬಂತು. ಆದರೆ ಕೋಟು ಬಿಚ್ಚಿ ಹೊಲೀಬಹುದು" ಅಂದರು. ಅಷ್ಟೇ ಅಂದರು. ಅದಕ್ಕಿಂತ ಹೆಚ್ಚು ಯಾರೂ ಅನ್ನಬೇಕಾಗಿಲ್ಲ.

ಮಧ್ಯಾಹ್ನ ಅಧ್ಯಕ್ಷ ಲಿಫ್ಟನ್ನು ಎರಡು ಮಹಡಿಗಳ ನಡುವೆ ನಿಲ್ಲಿಸಿ ನನ್ನನ್ನು ಬೈದ. ಅವನ ಖಾಸಗಿ ಕೋಣೆ ಅದೇ.

"ಯಾರು ಕೇಳಿದ್ರು ನಿನ್ನ? ಇಡೀ ವಾರ್ಡು ಹದಿನೆಂಟು ಬರಿಯುತ್ತೆ. ನೀನೊಬ್ಬಳು ಸತ್ಯವಂತೆ. ಈಗ ಸೂಪರಿಂಟೆಂಡೆಂಟ್ ಆರು ಜನರ ತರಬೇತಿನೂ ನಿಲ್ಲಿಸ್ತೀನಿ ಅಂತಿದಾನೆ. ಒಂದು ದಾರಿ ಇದೆ. ಆ ಮುದುಕಿ ಸರಿಯಾಗಿ ಹೇಳಿಕೊಡಲಿಲ್ಲ ಅಂತ ಬರಿ. ನಿನ್ನ ಪುಸ್ತಕದಲ್ಲಿ ದೂರು ಇವೆಯಲ್ಲ, ಕೊಡು, ಅವಳ ತಲೆಗೆ ಕಟ್ಟೋಣ."

"ಲಿಫ್ಟ್ ಬಿಡು" ಅಂದೆ.

"ಪುಸ್ತಕ ಕೊಡ್ತೀಯೋ ಇಲ್ವೋ?"

"ಅವರ ತೋಳಿನ ಮೇಲೆ ಹದಿನಾಲ್ಕು ಸಲ ಪಟ್ಟಿ ಕಟ್ಟಿ ಕಲಿತಿದೀನಿ. ಹೇಳಿಕೊಡಲಿಲ್ಲ ಅಂತ ಬರೆದ್ರೆ ಅದು ಎರಡನೇ ಹದಿನೆಂಟು. ಲಿಫ್ಟ್ ಬಿಡು, ಇಲ್ಲದಿದ್ರೆ ಇಲ್ಲೇ ನಿನ್ನ ಉಸಿರು ಎಣಿಸ್ತೀನಿ, ಮೂವತ್ತು ದಾಟಿದೆ."

ಬಿಟ್ಟ.

ಮನೆಗೆ ಬಂದು ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ದೂರುಗಳನ್ನು ಓದಿ ನಗು ಬಂತು. ಏಪ್ರಿಲಿನಿಂದ ಬರೆದಿಟ್ಟ ಕೂಗುಗಳನ್ನು ಓದಿ ನಗು ಬರಲಿಲ್ಲ. ಹನ್ನೆರಡು ಮಂಚ, ಏಳು ಕೂಗು. ಹನ್ನೆರಡು ಮಂಚ, ಎಂಟು. ಹನ್ನೆರಡು, ಹತ್ತು. ಸುಳ್ಳು ನನ್ನದು. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ಆ ನಿಮಿಷವನ್ನು ನನ್ನ ಕೈಯಿಂದ ಕಿತ್ತುಕೊಂಡವರು ಯಾರು ಎಂಬುದನ್ನು ನಾನು ಬಿಡುವುದಿಲ್ಲ. ಕೂಗುಗಳನ್ನೆಲ್ಲ ದೊಡ್ಡ ಕಾಗದಕ್ಕೆ ಇಳಿಸುತ್ತಿದ್ದೇನೆ. ಅತ್ತೆ ದೀಪ ಹತ್ತಿರ ತಂದಿಟ್ಟು, ಮಾತಾಡದೆ ಪಕ್ಕದಲ್ಲಿ ಕೂತಿದ್ದಾಳೆ. ಇದೂ ಮೊದಲ ಸಲ.

ಮೇ 13, ಮಂಗಳವಾರ

ಫಲಿತಾಂಶ. ಐವರು ಪಾಸು, ಆದರೆ ತರಬೇತಿಯ ಹಣೆಬರಹ ಸೂಪರಿಂಟೆಂಡೆಂಟ್ ಕೈಯಲ್ಲಿದೆ, ಸೋಮವಾರ ತೀರ್ಮಾನ. ನಾನು ಫೇಲು. ವಾರ್ಡಿನ ನಾಲ್ಕು ವಾರ ಮತ್ತೆ ಮಾಡಬೇಕು.

ಗಡಿಯಾರದಮ್ಮ ಸುತ್ತಿಬಳಸಿ ಹೇಳಲಿಲ್ಲ. "ಒಪ್ಪಿಕೊಂಡೆ ಅಂತ ಪಾಸು ಮಾಡೋಕಾಗಲ್ಲ. ನಾಳೆ ಬೇರೊಬ್ಬಳು ಸುಳ್ಳು ಬರೆದು ಒಪ್ಪಿಕೊಳ್ಳೋದನ್ನೇ ದಾರಿ ಮಾಡ್ಕೋತಾಳೆ."

"ಗೊತ್ತು ಸಿಸ್ಟರ್."

"ಸಿಟ್ಟಿದೆಯಾ?"

"ಇದೆ. ನಿಮ್ಮ ಮೇಲಲ್ಲ."

ಉದ್ದಜಡೆ ನನಗಾಗಿ ಅತ್ತಳು, ಅವಳು ಪಾಸಾಗಿಯೂ. ಅವಳಿಗೆ ಕಾಗದ ತೋರಿಸಿದೆ. ಕಣ್ಣೊರೆಸಿಕೊಂಡು "ನಮ್ಮ ವಾರ್ಡಿನ ಕೂಗೂ ಸೇರಿಸು" ಅಂದಳು.

ಮೇ 19, ಸೋಮವಾರ

ಎಪ್ಪತ್ತು ಜನ ಸೇರಿದೆವು. ಆಯಾಗಳು, ಕಸ ಗುಡಿಸುವವರು, ನಾಲ್ವರು ನರ್ಸ್‌ಗಳೂ ಬಂದರು. ಸೂಪರಿಂಟೆಂಡೆಂಟ್ ಕೋಣೆಯ ಎದುರಿನ ಉದ್ದನೆಯ ಪಡಸಾಲೆ ತುಂಬಿತು. ಅಧ್ಯಕ್ಷ ಲಿಫ್ಟಿಗೆ ಬೀಗ ಹಾಕಿ ಬಂದ, ಮುಖ ಇನ್ನೂ ಗಂಟಿಕ್ಕಿಯೇ ಇತ್ತು, ಆದರೂ ಬಂದ. ನಮಗೆ ಘೋಷಣೆ ಹೊಸದಲ್ಲ. ಇವತ್ತು ಘೋಷಣೆ ಬೇಡ ಎಂದೆ.

ಸೂಪರಿಂಟೆಂಡೆಂಟ್ ಹೊರಗೆ ಬಂದರು. "ಏನು ಬೇಕು? ಎರಡು ನಿಮಿಷ ಇದೆ ನನ್ನ ಹತ್ತಿರ."

"ಒಂದೇ ಸಾಕು" ಅಂದೆ. "ಅರವತ್ತು ಸೆಕೆಂಡು ನಮ್ಮ ಜೊತೆ ಸುಮ್ಮನೆ ನಿಲ್ಲಿ. ಆಮೇಲೆ ಮಾತಾಡೋಣ."

ಗುಂಪಿನ ಹಿಂದಿನಿಂದ ಯಾರೋ ದಾರಿ ಮಾಡಿಕೊಂಡು ಬಂದರು. ಗಡಿಯಾರದಮ್ಮ. ನಾನು ಕರೆದಿರಲಿಲ್ಲ. ಎದೆಯ ಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದು "ಈಗ" ಎಂದರು.

ಎಪ್ಪತ್ತು ಜನ ಉಸಿರಾಡುವುದು ಕೇಳಿಸಿತು. ಹತ್ತು ಸೆಕೆಂಡಿಗೆ ಸೂಪರಿಂಟೆಂಡೆಂಟ್ ಕಾಲು ಬದಲಿಸಿದರು. ಇಪ್ಪತ್ತಕ್ಕೆ ಫೋನ್ ಮುಟ್ಟಿಕೊಂಡರು. ಮೂವತ್ತೈದಕ್ಕೆ ಒಳಗಿನಿಂದ ಗುಮಾಸ್ತ "ಸಾರ್" ಎಂದ, ಎಪ್ಪತ್ತು ಜನವೂ ಅವನತ್ತ ತಿರುಗಿದರು. ಅವನು ಒಳಗೆ ಹೋದ. ಒಂದು ನಿಮಿಷ ಎಷ್ಟು ಉದ್ದ ಎಂದು ಅಧಿಕಾರದಲ್ಲಿರುವವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

"ಆಯ್ತು" ಎಂದರು ಗಡಿಯಾರದಮ್ಮ.

ಆಮೇಲೆ ನಾನು ಕಾಗದ ಓದಿದೆ. ಮೊದಲು ನನ್ನ ಸುಳ್ಳು, ತಾರೀಖು, ಸಮಯ ಸಮೇತ. ಆಮೇಲೆ ಕೂಗುಗಳು. "ಮೇ ಆರು, ಏಳನೇ ಮಂಚದವರೆಗೆ ಹತ್ತು ಸಲ ಕೂಗಿದ್ರಿ ಸಾರ್. ನೀವೀಗ ಅರವತ್ತು ಸೆಕೆಂಡು ಸುಮ್ಮನೆ ನಿಲ್ಲೋಕೆ ಕಷ್ಟಪಟ್ರಿ. ನನ್ನನ್ನ ಫೇಲ್ ಮಾಡಿದಾರೆ, ಅದು ಸರಿ. ಆ ನಿಮಿಷ ಕೊಡದ ನಿಮ್ಮನ್ನ ಫೇಲ್ ಮಾಡೋರು ಯಾರು? ತರಬೇತಿ ನಿಲ್ಲಿಸಬೇಡಿ. ಎಣಿಸ್ತಿರೋವಳನ್ನ ಆ ಒಂದು ನಿಮಿಷ ಯಾರೂ ಕೂಗಬಾರದು, ಡಾಕ್ಟ್ರು ಸಹ. ಇಷ್ಟೇ ನಮ್ಮ ಬೇಡಿಕೆ."

"ಎಣಿಸ್ತಿದಾಳೋ ಇಲ್ವೋ ಅಂತ ಕೂಗುವವರಿಗೆ ಹೇಗೆ ಗೊತ್ತಾಗಬೇಕು?" ಎಂದರು. ಮೊದಲ ಸಲ ಪ್ರಶ್ನೆಯಂಥ ಪ್ರಶ್ನೆ ಕೇಳಿದರು.

"ಗುರುತು ಕಟ್ಕೋತೀವಿ."

ಮೂರು ತಿಂಗಳು ನೋಡೋಣ ಎಂದರು. ತರಬೇತಿ ನಿಲ್ಲುವುದಿಲ್ಲ. ಮೂರು ತಿಂಗಳು ಸಾಕು, ನಾಲ್ಕನೆಯದಕ್ಕೆ ಮತ್ತೆ ಪಡಸಾಲೆ ಇದ್ದೇ ಇದೆ.

ಚದುರುವಾಗ ಅಧ್ಯಕ್ಷ ಗೊಣಗಿದ: "ಆ ಮುದುಕಿ ಗಡಿಯಾರ ಹಿಡ್ಕೊಂಡು ಬಂದಿದ್ದು ಒಳ್ಳೇದೇ ಆಯ್ತು."

"ಮುದುಕಿ ಅನ್ನಬೇಡ" ಅಂದೆ.

ಮೇ 23, ಶುಕ್ರವಾರ

ಹಳದಿ ತೋಳುಪಟ್ಟಿ. ಬಟ್ಟೆ ಅತ್ತೆ ಕೊಟ್ಟದ್ದು, ನಮ್ಮ ಅಡುಗೆಮನೆಯ ಹಳೇ ಪರದೆ. ದರ್ಜಿ ತಾತ ನಾಳೆ ಮನೆಗೆ ಹೋಗುತ್ತಾರೆ. ಎರಡು ದಿನ ಮಂಚದ ಮೇಲೆ ಕೂತು ಹತ್ತೊಂಬತ್ತು ಪಟ್ಟಿ ಕೈಯಲ್ಲೇ ಹೊಲಿದರು. ನನ್ನ ತೋಳಿನ ಅಳತೆಯನ್ನು ಎರಡು ಸಲ ತೆಗೆದರು. ಮೊದಲ ಸಲದ್ದು ಸರಿಯಿತ್ತು. ಆ ಜೋಕು ಪೂರ್ತಿ ಹೇಳಿದರು, ಒಂದೇ ಉಸಿರಿಗೆ. ಅಷ್ಟೇನೂ ನಗು ಬರುವ ಜೋಕಲ್ಲ. ನಕ್ಕೆ. 16.

ಜೂನ್ 4, ಬುಧವಾರ

ಗಡಿಯಾರದಮ್ಮ: 26. ಎಣಿಸಿದ್ದು, ಇಡೀ ನಿಮಿಷ.

ಮೊದಲೇ ಬರೆದುಬಿಡುತ್ತೇನೆ: ಅವರನ್ನು ದಾಖಲು ಮಾಡಿಕೊಂಡಿದ್ದಾರೆ, ಹೃದಯದ ತೊಂದರೆ, ಔಷಧಿಗೆ ಬಗ್ಗುವಂಥದ್ದು, ಇನ್ನೂ ಮೂರು ತಿಂಗಳು ಬಿಟ್ಟಿದ್ದರೆ ಬಗ್ಗುತ್ತಿರಲಿಲ್ಲವಂತೆ. ಸಂಜೆ ನಾನು ಹೊರಡುವಾಗ ಪಕ್ಕದ ಮಂಚ ನೋಡುವ ಹುಡುಗಿ ನರ್ಸಿಗೆ ಕೈ ತೊಳೆಯುವುದು ಹೇಳಿಕೊಡುತ್ತಿದ್ದರು.

ಆದದ್ದು ಹೀಗೆ. ಈಗ ನನ್ನೊಬ್ಬಳಿಗೇ ಪಾಠ. ಬೆಳಿಗ್ಗೆ ಜೊತೆಯಲ್ಲೇ ಮೆಟ್ಟಿಲು ಹತ್ತುತ್ತಿದ್ದೆವು. ಕಿಟಕಿ ಬಂತು. ನಿಂತರು. ಗೋಡೆ ನೋಡತೊಡಗಿದರು. ನಾನು ಅವರ ಮಣಿಕಟ್ಟು ಹಿಡಿದೆ.

"ಏನಿದು?"

"ನಾಡಿ ಸಿಸ್ಟರ್. ಅಭ್ಯಾಸಕ್ಕೆ."

ಎಣಿಸಿದೆ. ಕೈ ಬಿಡಲಿಲ್ಲ. ಅವರದೇ ಎದೆಯ ಮೇಲೆ ಅವರದೇ ಗಡಿಯಾರ, ನನಗೆ ತಲೆಕೆಳಗು, ಆದರೂ ಮುಳ್ಳಿನ ಒಂದು ಸುತ್ತು ಒಂದು ಸುತ್ತೇ. ಇನ್ನೂ ಅರ್ಧ ಆಗಿರಲಿಲ್ಲ, ಅವರು ಬಾಯಿ ತೆರೆದರು.

"ನೀನು ಎದೆ ನೋಡ್ತಿದೀಯ."

"ಇಲ್ಲ ಸಿಸ್ಟರ್."

"ನನಗೆ ಹೇಳಿಕೊಡ್ತೀಯ? ಗೊತ್ತಾದ ಮೇಲೆ ಈ ಲೆಕ್ಕ ಕೆಟ್ಟುಹೋಯ್ತು. ಮೊದಲಿಂದ ಎಣಿಸು."

"ಈಗ್ಲೂ ನಿಮಗೆ ಗೊತ್ತಿದೆಯಲ್ಲ."

"ಗೊತ್ತಿದೆ. ಅದಕ್ಕೇ ಏನಾದ್ರೂ ಮಾತಾಡಿ ಮರೆಸು. ನಾನು ಮಾತಾಡಬಾರದು, ನೀನು ಮಾತಾಡಬಹುದು."

ಏನು ಮಾತಾಡುವುದು? ಈ ಪುಸ್ತಕದ ವಿಷಯ ಹೇಳಿದೆ. ನಿಮ್ಮ ಮೇಲೆ ದೂರು ಬರೆಯಲು ಶುರು ಮಾಡಿದ್ದು ಅಂದೆ. ದೂರು ಒಂದು, ಹೆಬ್ಬೆರಳು. ದೂರು ನಾಲ್ಕು, ಒಂದೇ ತಾಯಿ ಮಕ್ಕಳು. ದೂರು ಆರು, ದರ್ಪದಿಂದ ಕಿಟಕಿ ಪರೀಕ್ಷೆ ಮಾಡುವುದು. ಅವರ ತುಟಿ ಓರೆಯಾಯಿತು. ಆಮೇಲೆ ಮುಖ ಗೋಡೆಯ ಕಡೆ ತಿರುಗಿತು, ಕಣ್ಣು ಎಲ್ಲೋ ಹೋಯಿತು, ನನ್ನನ್ನೂ ಗಡಿಯಾರವನ್ನೂ ಮರೆತರು. ನಾನು ಮಾತು ನಿಲ್ಲಿಸಿ ಎಣಿಸಲು ಶುರು ಮಾಡಿದೆ.

ಕೆಳಗಿನಿಂದ ಕೂಗು ಬಂತು. "ಅಕ್ಕಾ, ಸ್ಟ್ರೆಚರ್ ಹಿಡೀಬೇಕು, ಬೇಗ ಬಾ."

ತಿರುಗಲಿಲ್ಲ. ಹಳದಿ ಪಟ್ಟಿಯ ತೋಳನ್ನು ಮೇಲೆತ್ತಿ ತೋರಿಸಿದೆ. ಇನ್ನೊಂದು ಕೈ ಅವರ ಮಣಿಕಟ್ಟಿನ ಮೇಲೇ ಇತ್ತು. ಮುಳ್ಳು ಆಗಷ್ಟೇ ಅರ್ಧ ದಾಟಿತ್ತು. ಕೂಗಿದವನು ಮೆಟ್ಟಿಲ ಬುಡದಲ್ಲಿ ನಿಂತು ಕಾದ.